ಹಳೆಯ ಹಾಲಿವುಡ್ ಸಿನಿಮಾದ ಒಪೆರಾ ಹಾಡುಗಳು: ನೋಡುವುದು ಹೇಗೆ, ಕೇಳುವುದು ಹೇಗೆ

ನನ್ನ ಅಜ್ಜಿ ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ಒಮ್ಮೆ ಅವರಿಗೆ ಒಪೆರಾ ಗಾಯಕಿ ಲಿಲಿ ಪಾನ್ಸ್ ಹಾಡುವ ಒಂದು ತುಣುಕನ್ನು ತೋರಿಸಿದೆ. 1935ರ ಕಪ್ಪು-ಬಿಳುಪು ಸಿನಿಮಾ. ಫ್ರೆಂಚ್ ಭಾಷೆಯ ಹಾಡು. ಅಜ್ಜಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಇವಳು ಉಸಿರು ಎಲ್ಲಿ ತಗೊಂಡಳು? ನಂಗೆ ಕಾಣಲೇ ಇಲ್ಲವಲ್ಲ."

ನಾನು ಆ ತುಣುಕನ್ನು ಅದಕ್ಕೆ ಮುಂಚೆ ಹತ್ತಾರು ಸಲ ನೋಡಿದ್ದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ದನಿಯನ್ನು ಮೊದಲು ಮುದ್ರಿಸಿಕೊಂಡು, ಬೇರೆ ದಿನ ಕ್ಯಾಮೆರಾ ಮುಂದೆ ತುಟಿ ಆಡಿಸುವುದು ಆಗಿನ ಸ್ಟುಡಿಯೋಗಳ ರೂಢಿ. ಮುಖ ಅವಳದೇ, ದನಿಯೂ ಅವಳದೇ. ಆದರೆ ಎರಡೂ ಒಂದೇ ಕ್ಷಣದ್ದಲ್ಲ. ಅಜ್ಜಿ ಆ ಬಿರುಕನ್ನು ಒಂದೇ ನೋಟಕ್ಕೆ ಹಿಡಿದುಬಿಟ್ಟರು.

ಅಂದಿನಿಂದ ಈ ಹಾಡುಗಳನ್ನು ನಾನು ಬೇರೆ ರೀತಿ ನೋಡುತ್ತೇನೆ. ಆ ರೀತಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮಗೆ ಪಾಶ್ಚಾತ್ಯ ಸಂಗೀತ ಗೊತ್ತಿರಬೇಕಿಲ್ಲ. ಇಟಾಲಿಯನ್, ಫ್ರೆಂಚ್ ಬರಬೇಕಿಲ್ಲ. ಒಳ್ಳೆಯ ಹೆಡ್‌ಫೋನ್, ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಒಂದು ಹಾಡಿಗೆ ಒಂದು ಸಂಜೆ ಕೊಡಿ.

ಶುರು ಮಾಡುವ ಮೊದಲು ಎರಡು ಪದ

ಒಪೆರಾ ಅಂದರೆ ಪೂರ್ತಿ ಹಾಡಿನಲ್ಲೇ, ಅಥವಾ ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಒಂದು ಪಾತ್ರ ಒಂಟಿಯಾಗಿ ನಿಂತು ತನ್ನ ಮನಸ್ಸು ಬಿಚ್ಚಿ ಹಾಡುವ ಹಾಡೇ ಆರಿಯಾ. ನಮ್ಮ ಕಂಪನಿ ನಾಟಕದಲ್ಲಿ ಪಾತ್ರಧಾರಿ ಮಾತು ನಿಲ್ಲಿಸಿ ರಂಗಗೀತೆ ಎತ್ತಿಕೊಳ್ಳುವ ಗಳಿಗೆ ನೆನಪಿಸಿಕೊಳ್ಳಿ. ಕಥೆ ಅಲ್ಲೇ ನಿಲ್ಲುತ್ತದೆ, ಭಾವ ಮುಂದೆ ಹೋಗುತ್ತದೆ.

ಆರಿಯಾಗಳಿಗೆ ಸಾಮಾನ್ಯವಾಗಿ ಬೇರೆ ಹೆಸರು ಇರುವುದಿಲ್ಲ. ನಾವು ಕೃತಿಗಳನ್ನು ಪಲ್ಲವಿಯ ಮೊದಲ ಪದಗಳಿಂದ ಗುರುತಿಸುತ್ತೇವಲ್ಲ, ಅಲ್ಲೂ ಹಾಗೇ. "ಉನ್ ಬೆಲ್ ದಿ", "ಕಾರೊ ನೊಮೆ", "ವೆಸ್ತಿ ಲಾ ಜುಬ್ಬಾ", ಎಲ್ಲವೂ ಮೊದಲ ಪದಗಳೇ. ಇದು ತಿಳಿದರೆ ಹುಡುಕುವುದು ಸುಲಭ. ಗಾಯಕರ ಹೆಸರು, ಆರಿಯಾದ ಮೊದಲ ಪದಗಳು, ಸಿನಿಮಾದ ಇಸವಿ, ಈ ಮೂರನ್ನೂ ಒಟ್ಟಿಗೆ ಹಾಕಿ ಹುಡುಕಿ.

ಹಂತ 1: ಇಸವಿ ನೋಡಿ

ಹಾಡು ಕೇಳುವ ಮೊದಲೇ ಸಿನಿಮಾ ಯಾವ ವರ್ಷದ್ದು ಎಂದು ಬರೆದುಕೊಳ್ಳಿ. ದನಿ ಹೇಗೆ ಮುದ್ರಣವಾಯಿತು ಎಂಬುದರ ಸುಳಿವು ಅದರಲ್ಲೇ ಇದೆ.

ಮೂಕಿ ಕಾಲದಲ್ಲೇ ಒಪೆರಾದವರು ಸಿನಿಮಾಕ್ಕೆ ಬಂದಿದ್ದರು. ಜೆರಾಲ್ಡಿನ್ ಫರಾರ್ 1915ರಲ್ಲಿ ಸೆಸಿಲ್ ಬಿ. ಡಿಮಿಲ್ ನಿರ್ದೇಶನದ 'ಕಾರ್ಮೆನ್' ಚಿತ್ರದಲ್ಲಿ ನಟಿಸಿದರು. ಎನ್ರಿಕೊ ಕರೂಸೊ 1918ರಲ್ಲಿ 'ಮೈ ಕಸಿನ್' ಮಾಡಿದರು. ಜಗತ್ತಿನ ಅತಿ ಪ್ರಸಿದ್ಧ ಕಂಠ ಪರದೆಯ ಮೇಲೆ ಬಂತು, ಆದರೆ ಸದ್ದಿಲ್ಲದೆ. ಆ ಚಿತ್ರ ಓಡಲಿಲ್ಲ.

ದನಿ ಬಂದದ್ದು 1926ರ ಆಗಸ್ಟ್ 6ರಂದು. ನ್ಯೂಯಾರ್ಕಿನಲ್ಲಿ ವಾರ್ನರ್ ಸಂಸ್ಥೆ ತನ್ನ ವೈಟಾಫೋನ್ ವ್ಯವಸ್ಥೆಯನ್ನು ಜನರ ಮುಂದಿಟ್ಟಿತು. ಮುಖ್ಯ ಚಿತ್ರಕ್ಕೆ ಮೊದಲು ಕೆಲವು ಕಿರುಚಿತ್ರಗಳಿದ್ದವು. ಅದರಲ್ಲೊಂದು ಟೆನರ್ (ಮೇಲಿನ ಗಂಡು ದನಿಯ ಗಾಯಕ) ಜೊವಾನ್ನಿ ಮಾರ್ಟಿನೆಲ್ಲಿ ಹಾಡಿದ "ವೆಸ್ತಿ ಲಾ ಜುಬ್ಬಾ". ಅವತ್ತು ಜನ ಬೆರಗಾದದ್ದು ಅದಕ್ಕೆ. ಅದೇ ಕಾರ್ಯಕ್ರಮದಲ್ಲಿ 19 ವರ್ಷದ ಮ್ಯಾರಿಯನ್ ಟ್ಯಾಲಿ "ಕಾರೊ ನೊಮೆ" ಹಾಡಿದ್ದರು. ಅದನ್ನು ವಿಮರ್ಶಕರು ಮೆಚ್ಚಲಿಲ್ಲ. ಕ್ಯಾಮೆರಾ ಎಲ್ಲರ ಮೇಲೂ ಒಂದೇ ಥರ ಕರುಣೆ ತೋರಿಸುವುದಿಲ್ಲ.

ವೈಟಾಫೋನಿನಲ್ಲಿ ದನಿ ಫಿಲ್ಮಿನ ಮೇಲೆ ಇರುತ್ತಿರಲಿಲ್ಲ. 16 ಇಂಚಿನ ದೊಡ್ಡ ತಟ್ಟೆಯ ಮೇಲೆ ಇರುತ್ತಿತ್ತು. ಒಂದು ತಟ್ಟೆ ಸುಮಾರು 11 ನಿಮಿಷ ಓಡುತ್ತಿತ್ತು, ಅಂದರೆ ಸಿನಿಮಾದ ಒಂದು ರೀಲಿನಷ್ಟು. ಚಿತ್ರ ತೆಗೆಯುವಾಗಲೇ ತಟ್ಟೆಯೂ ಕೊರೆಯುತ್ತಿತ್ತು. ನಡುವೆ ಕತ್ತರಿಸಿ ಅಂಟಿಸುವಂತಿಲ್ಲ. ಹಾಗಾಗಿ ಮಾರ್ಟಿನೆಲ್ಲಿ ಆ ಹಾಡನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಬೀಸಿಗೆ ಹಾಡಿದ್ದಾರೆ. ಅಲ್ಲಿ ಕಾಣುವ ಉಸಿರೇ ಕೇಳುವ ಉಸಿರು.

1929ರಲ್ಲಿ ಎಂಜಿಎಂ ಸ್ಟುಡಿಯೋ 'ಬ್ರಾಡ್‌ವೇ ಮೆಲೊಡಿ' ಚಿತ್ರದ ಒಂದು ನೃತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ದನಿ ಮೊದಲೇ ಚೆನ್ನಾಗಿ ಬಂದಿತ್ತು. ಅದನ್ನೇ ಸೆಟ್ಟಿನಲ್ಲಿ ಹಾಕಿ, ಅದಕ್ಕೆ ತಕ್ಕಂತೆ ಕುಣಿಸಿದರು. ಪ್ಲೇಬ್ಯಾಕ್ ರೂಢಿಗೆ ಬಂದದ್ದು ಹೀಗೆ. ಮೊದಲ ಕೆಲವು ವರ್ಷ ಎರಡೂ ವಿಧಾನ ಬೆರೆತಿದ್ದವು. ಮೂವತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಪ್ಲೇಬ್ಯಾಕೇ ನಿಯಮವಾಯಿತು.

ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಹೀಗಿರಲಿ: ಸಿನಿಮಾ, ಇಸವಿ, ದನಿ ಅಲ್ಲೇ ಮುದ್ರಿಸಿದ್ದೋ ಮೊದಲೇ ಮುದ್ರಿಸಿದ್ದೋ.

ಹಂತ 2: ದನಿ ಯಾರದು?

ಇದು ಎಲ್ಲರೂ ಹಾರಿಸಿಬಿಡುವ ಹಂತ. ದಯವಿಟ್ಟು ಹಾರಿಸಬೇಡಿ. ಪರದೆಯ ಮೇಲೆ ಒಪೆರಾ ಹಾಡುವವರಲ್ಲಿ ಮೂರು ಬಗೆಯವರಿದ್ದಾರೆ.

ಮೊದಲನೆಯವರು ನಿಜವಾದ ರಂಗದ ಗಾಯಕರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ, ಅಂದರೆ "ಮೆಟ್"ನಲ್ಲಿ ಹೆಸರು ಮಾಡಿ ಸಿನಿಮಾಕ್ಕೆ ಬಂದವರು. ಬ್ಯಾರಿಟೋನ್ (ನಡುವಿನ ಗಂಡು ದನಿಯ ಗಾಯಕ) ಲಾರೆನ್ಸ್ ಟಿಬ್ಬೆಟ್ 1930ರಲ್ಲೇ 'ದಿ ರೋಗ್ ಸಾಂಗ್' ಮಾಡಿ ಆಸ್ಕರ್ ನಾಮನಿರ್ದೇಶನ ಪಡೆದರು. ಆದರೆ ಬಾಗಿಲು ಪೂರ್ತಿ ತೆರೆದದ್ದು ಸೊಪ್ರಾನೊ (ಮೇಲಿನ ಹೆಣ್ಣು ದನಿಯ ಗಾಯಕಿ) ಗ್ರೇಸ್ ಮೂರ್. ಅವರು 1928ರಲ್ಲಿ ಮೆಟ್‌ನಲ್ಲಿ ಮೊದಲ ಸಲ ಹಾಡಿದವರು. ಅವರ 'ಒನ್ ನೈಟ್ ಆಫ್ ಲವ್' 1934ರಲ್ಲಿ ಬಂತು. ಜನ ಮುಗಿಬಿದ್ದರು. ದನಿಮುದ್ರಣಕ್ಕೂ ಸಂಗೀತಕ್ಕೂ ಆಸ್ಕರ್ ಬಂತು. ಇದನ್ನು ನೋಡಿ ಉಳಿದ ಸ್ಟುಡಿಯೋಗಳೂ ಒಬ್ಬೊಬ್ಬ ಒಪೆರಾ ಗಾಯಕರನ್ನು ಹಿಡಿದು ತಂದವು. ಆರ್‌ಕೆಓ ಲಿಲಿ ಪಾನ್ಸ್‌ರನ್ನು, ಪ್ಯಾರಮೌಂಟ್ ಗ್ಲಾಡಿಸ್ ಸ್ವಾರ್ತೌಟ್‌ರನ್ನು, ಫಾಕ್ಸ್ ನಿನೊ ಮಾರ್ಟಿನಿಯವರನ್ನು. ಒಂದೇ ಚಿತ್ರದ ಗೆಲುವಿನಿಂದ ಎದ್ದ ಅಲೆ ಇದು.

(ಅದೇ ಹೊತ್ತಿಗೆ ಇಲ್ಲೂ ಇಂಥದ್ದೇ ಒಂದು ಅಲೆ ಏಳುತ್ತಿತ್ತು. ಅಮೆರಿಕದಲ್ಲಿ ಸಿನಿಮಾ ಓದಿ 1935ರಲ್ಲಿ ಭಾರತಕ್ಕೆ ಬಂದ ಎಲ್ಲಿಸ್ ಆರ್. ಡಂಗನ್ ಮುಂದೆ 1940ರ ತಮಿಳು 'ಶಕುಂತಲೈ'ಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಜಿ.ಎನ್. ಬಾಲಸುಬ್ರಮಣ್ಯಂ ಇಬ್ಬರನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಕಛೇರಿಯ ದೊಡ್ಡ ಕಂಠಗಳು ಪರದೆಗೆ ಬಂದದ್ದು ಎರಡು ಖಂಡಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ.)

ಎರಡನೆಯವರು ಶಾಸ್ತ್ರೀಯ ತರಬೇತಿ ಪಡೆದ, ಆದರೆ ಹೆಸರು ಮಾಡಿದ್ದು ಸಿನಿಮಾದಲ್ಲೇ ಎನ್ನಬಹುದಾದವರು. ಜೆನೆಟ್ ಮ್ಯಾಕ್‌ಡೊನಾಲ್ಡ್, ನೆಲ್ಸನ್ ಎಡ್ಡಿ, ಡಿಯಾನಾ ಡರ್ಬಿನ್, ಮಾರಿಯೊ ಲಾಂಝಾ. ಇವರನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಡರ್ಬಿನ್ ಹದಿಹರೆಯದಲ್ಲಿ ಹಾಡಿದ್ದನ್ನು ಕೇಳಿ. ಅಷ್ಟು ಸ್ವಚ್ಛವಾದ ದನಿ ದೊಡ್ಡ ದೊಡ್ಡ ರಂಗದವರಲ್ಲೂ ಅಪರೂಪ.

ಮೂರನೆಯದು ಮುಖ ಒಬ್ಬರದು, ದನಿ ಇನ್ನೊಬ್ಬರದು. ನಮಗೆ ಇದು ಹೊಸತಲ್ಲ, ಅಲ್ವಾ? 1966ರ 'ಸಂಧ್ಯಾರಾಗ'ದಲ್ಲಿ ರಾಜ್‌ಕುಮಾರ್ ಮುಖಕ್ಕೆ ಭೀಮಸೇನ ಜೋಶಿಯವರ ದನಿ ಸೇರಿದ್ದನ್ನು ನಾವು ಹೆಮ್ಮೆಯಿಂದಲೇ ನೆನೆಯುತ್ತೇವೆ. ಹಾಲಿವುಡ್‌ನಲ್ಲಿ ಮಾತ್ರ ಹಾಡಿದವರ ಹೆಸರನ್ನು ಎಷ್ಟೋ ಸಲ ಪರದೆಯ ಮೇಲೆ ತೋರಿಸುತ್ತಲೇ ಇರಲಿಲ್ಲ. ಹಾಗಾಗಿ ನೀವೇ ಹುಡುಕಬೇಕು.

ಮೂರು ಉದಾಹರಣೆ ಹೇಳುತ್ತೇನೆ. 1936ರ 'ಚಾರ್ಲಿ ಚಾನ್ ಅಟ್ ದಿ ಒಪೆರಾ'ದಲ್ಲಿ ನಟ ಬೋರಿಸ್ ಕಾರ್ಲಾಫ್ ಹಾಡಿದಂತೆ ಕಾಣುತ್ತದೆ. ದನಿ ಟ್ಯೂಡರ್ ವಿಲಿಯಮ್ಸ್‌ರದು. 1954ರ 'ಕಾರ್ಮೆನ್ ಜೋನ್ಸ್'ನಲ್ಲಿ ಡೊರೊಥಿ ಡ್ಯಾಂಡ್ರಿಜ್ ಅವರ ತುಟಿಗೆ ದನಿ ಕೊಟ್ಟದ್ದು ಆಗ 20 ವರ್ಷದ ಮರಿಲಿನ್ ಹಾರ್ನ್. ಮುಂದೆ ಆಕೆ ಆ ಶತಮಾನದ ದೊಡ್ಡ ಮೆಝೊ-ಸೊಪ್ರಾನೊಗಳಲ್ಲಿ (ಸೊಪ್ರಾನೊಗಿಂತ ತುಸು ಕೆಳಗಿನ ಹೆಣ್ಣು ದನಿ) ಒಬ್ಬರಾದರು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, 1955ರ 'ಇಂಟರಪ್ಟೆಡ್ ಮೆಲೊಡಿ'. ಆಸ್ಟ್ರೇಲಿಯಾದ ಸೊಪ್ರಾನೊ ಮಾರ್ಜರಿ ಲಾರೆನ್ಸ್ ಪೋಲಿಯೊ ಬಂದು ನಡೆಯಲಾಗದಂತಾದರೂ ಮತ್ತೆ ರಂಗಕ್ಕೆ ಬಂದು ಹಾಡಿದ ಕಥೆ. ನಟಿ ಎಲಿನಾರ್ ಪಾರ್ಕರ್. ದನಿ ಐಲೀನ್ ಫ್ಯಾರೆಲ್‌ರದು. ಚಿತ್ರದ ಶುರುವಿನಲ್ಲಿ ಒಂದು ಪಾಠದ ದೃಶ್ಯವಿದೆ. ಅಲ್ಲಿ ಮೇಲಿನ ಸ್ವರ ಮುಟ್ಟಲಾಗದೆ ಒದ್ದಾಡುವ ಒಬ್ಬ ವಿದ್ಯಾರ್ಥಿನಿ ಕಾಣುತ್ತಾಳೆ. ಅವರೇ ಫ್ಯಾರೆಲ್. ಇಡೀ ಚಿತ್ರದ ಕಷ್ಟದ ಸ್ವರಗಳನ್ನೆಲ್ಲ ಹಾಡಿದವರು ಪರದೆಯ ಮೇಲೆ ಕಾಣುವುದು ಹಾಡಲು ಬಾರದವಳಾಗಿ.

ಹಂತ 3: ಹಾಡಿನ ಕಥೆ ತಿಳಿದುಕೊಳ್ಳಿ, ಸಾಲು ಸಾಲಾಗಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಆರಿಯಾದ ಸಾಹಿತ್ಯವೂ ಅದರ ಅನುವಾದವೂ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಪ್ರತಿ ಸಾಲಿನ ಪಕ್ಕ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆಯಿರಿ. ಚೆಂದದ ಅನುವಾದ ಬೇಡ. ಮನೆಯಲ್ಲಿ ಯಾರಿಗೋ ಹೇಳುವ ಹಾಗೆ ಬರೆದರೆ ಸಾಕು.

ಗ್ರೇಸ್ ಮೂರ್ ಚಿತ್ರದ ಕೊನೆಯಲ್ಲಿ ಬರುವ "ಉನ್ ಬೆಲ್ ದಿ" ತೆಗೆದುಕೊಳ್ಳಿ. ಪುಚ್ಚೀನಿಯ 'ಮದಾಮ ಬಟರ್‌ಫ್ಲೈ' ಒಪೆರಾದ್ದು. 1904ರಲ್ಲಿ ಮಿಲಾನಿನಲ್ಲಿ ಮೊದಲು ಆಡಿದ್ದು. ಜಪಾನಿನ ಹುಡುಗಿ ಚೋ-ಚೋ-ಸಾನ್ ತನ್ನನ್ನು ಬಿಟ್ಟುಹೋದ ಅಮೆರಿಕದ ನೌಕಾಧಿಕಾರಿ ಗಂಡನಿಗೆ ಕಾಯುತ್ತಿದ್ದಾಳೆ. ಅವನು ಬರುವುದಿಲ್ಲ ಎಂದು ಕೆಲಸದವಳಿಗೂ ಗೊತ್ತು. ಇವಳು ಮಾತ್ರ ಹೇಳುತ್ತಾಳೆ: ಒಂದು ಒಳ್ಳೇ ದಿನ ಕಡಲಿನ ಅಂಚಿನಲ್ಲಿ ಹೊಗೆಯ ಎಳೆಯೊಂದು ಏಳುತ್ತದೆ, ಆಮೇಲೆ ಹಡಗು ಕಾಣುತ್ತದೆ, ಆಮೇಲೆ ಒಬ್ಬ ಮನುಷ್ಯ ಗುಡ್ಡ ಹತ್ತಿ ಬರುತ್ತಾನೆ. ಮೊದಲ ಸ್ವರವೇ ಮೇಲಿನದು, ಆದರೆ ತೀರಾ ಮೆಲ್ಲಗೆ ಹಿಡಿಯಬೇಕು. ದೂರದ ಹೊಗೆ ಹೇಗೆ ಕಾಣುತ್ತದೋ ಹಾಗೆ. ಅಲ್ಲಿಂದ ದನಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಕೊನೆಯಲ್ಲಿ "ನಾನು ಕಾಯುತ್ತೇನೆ" ಎನ್ನುವಾಗ ಇಡೀ ವಾದ್ಯವೃಂದವನ್ನು ಸೀಳಿಕೊಂಡು ಮೇಲೆ ಹೋಗುತ್ತದೆ. ಅರ್ಥ ಗೊತ್ತಿಲ್ಲದೆ ಕೇಳಿದರೆ ಅದು ಬರೀ ದೊಡ್ಡ ಸ್ವರ. ಗೊತ್ತಿದ್ದು ಕೇಳಿದರೆ ಎದೆ ಹಿಂಡುತ್ತದೆ.

ಲಿಲಿ ಪಾನ್ಸ್ ಹಾಡಿದ "ಗಂಟೆ ಹಾಡು" ನಮಗೆ ಇನ್ನೂ ಹತ್ತಿರದ್ದು. ಅದು ಲಿಯೊ ದೆಲೀಬ್ ಬರೆದ 'ಲಕ್ಮೆ' ಒಪೆರಾದ್ದು. 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದರು. ಕಥೆ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ! ಲಕ್ಮೆ ಅಂದರೆ ಲಕ್ಷ್ಮಿ. ಅಪ್ಪ ನೀಲಕಂಠ, ಪೂಜಾರಿ. ಜೊತೆಗಾರ್ತಿ ಮಲ್ಲಿಕಾ. ತನ್ನ ಜಾಗಕ್ಕೆ ನುಗ್ಗಿದ ಇಂಗ್ಲಿಷ್ ಅಧಿಕಾರಿ ಯಾರೆಂದು ಪತ್ತೆ ಮಾಡಲು ನೀಲಕಂಠ ಮಗಳನ್ನು ಸಂತೆಯಲ್ಲಿ ನಿಲ್ಲಿಸಿ ಹಾಡಿಸುತ್ತಾನೆ. ದನಿ ಕೇಳಿ ಅವನೇ ಹೊರಗೆ ಬರುತ್ತಾನೆ ಎಂಬ ಲೆಕ್ಕ.

ಹಾಡು ಶುರುವಾಗುವುದು ಪದಗಳೇ ಇಲ್ಲದೆ. ವಾದ್ಯಗಳೆಲ್ಲ ಸುಮ್ಮನಿರುತ್ತವೆ. ಬರೀ ಅಕಾರದಲ್ಲಿ ಒಂಟಿ ದನಿ ಸುತ್ತಿ ಸುತ್ತಿ ಇಳಿಯುತ್ತದೆ. ಆಲಾಪನೆ ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಹಿಡಿಸುತ್ತದೆ. ಆಮೇಲೆ ಕಥೆ: ಕೀಳುಜಾತಿ ಎಂದು ಊರು ದೂರವಿಟ್ಟ ಹುಡುಗಿಯೊಬ್ಬಳು ಕಾಡಿನಲ್ಲಿ ದಾರಿ ತಪ್ಪಿದ ಅಪರಿಚಿತನನ್ನು ಕಾಡುಪ್ರಾಣಿಗಳಿಂದ ಕಾಪಾಡುತ್ತಾಳೆ. ಅವಳ ಕೈಯಲ್ಲಿರುವ ಕೋಲಿನ ಗಂಟೆ ಸದ್ದಿಗೆ ಪ್ರಾಣಿಗಳು ನಿಲ್ಲುತ್ತವೆ. ಆ ಅಪರಿಚಿತ ವಿಷ್ಣು. ಸಾಹಿತ್ಯದಲ್ಲಿ ಅವನನ್ನು "ಬ್ರಹ್ಮನ ಮಗ" ಎಂದಿದ್ದಾರೆ. ನಮಗೆ ಇದು ಉಲ್ಟಾ. ಪ್ಯಾರಿಸ್ಸಿನಲ್ಲಿ ಕೂತು ಬರೆದವರಿಗೆ ಪುರಾಣ ಅಷ್ಟೇ ತಲುಪಿತ್ತು. ಗಂಟೆಯ ಸದ್ದನ್ನು ಗಾಯಕಿ ತನ್ನ ಗಂಟಲಲ್ಲೇ ಮಾಡಬೇಕು. ಪಿಯಾನೋದ ನಡುವಿನ ಸಿ ಸ್ವರದಿಂದ ಎರಡು ಸ್ಥಾಯಿ ಮೇಲೆ ಹೋಗಿ, ಅದಕ್ಕೂ ಮೇಲಿನ ಇ ಸ್ವರವನ್ನು ಮುಟ್ಟಬೇಕು.

1926ರ ಕಿರುಚಿತ್ರದಲ್ಲಿ ಮಾರ್ಟಿನೆಲ್ಲಿ ಹಾಡುವ "ವೆಸ್ತಿ ಲಾ ಜುಬ್ಬಾ" ಲಿಯೊನ್‌ಕವಾಲ್ಲೊನ 'ಪಾಲ್ಯಾಚಿ' ಒಪೆರಾದ ಕೋಡಂಗಿಯ ಹಾಡು. ಹೆಂಡತಿ ಮೋಸ ಮಾಡಿದ್ದು ಈಗಷ್ಟೇ ಗೊತ್ತಾಗಿದೆ. ಆಟಕ್ಕೆ ಹೊತ್ತಾಗಿದೆ. ವೇಷ ಹಾಕು, ಮುಖಕ್ಕೆ ಹಿಟ್ಟು ಬಳಿ, ಜನ ದುಡ್ಡು ಕೊಟ್ಟಿದ್ದಾರೆ, ನಗಬೇಕು. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ಹತ್ತಿರದಿಂದ ನೋಡಿದವರಿಗೆ ಈ ಹಾಡಿಗೆ ವಿವರಣೆ ಬೇಕಿಲ್ಲ.

ಹಂತ 4: ದನಿ ಬಂದ್ ಮಾಡಿ ನೋಡಿ

ಈಗ ತುಣುಕನ್ನು ಹಾಕಿ, ದನಿ ಪೂರ್ತಿ ತೆಗೆದುಬಿಡಿ. ಬರೀ ಮೈ ನೋಡಿ. ಅಜ್ಜಿ ಕೇಳಿದ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಉಸಿರು. ಒಪೆರಾ ಗಾಯಕರು ಉದ್ದ ಸಾಲಿಗೆ ಮೊದಲು ಆಳವಾಗಿ ಉಸಿರೆಳೆಯಲೇಬೇಕು. ಭುಜ ಏರುವುದಿಲ್ಲ, ಆದರೆ ಪಕ್ಕೆಲುಬು ಅಗಲವಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಬಾಯಿ ಒಂದು ಕ್ಷಣ ತೆರೆದುಕೊಳ್ಳುತ್ತದೆ. ಇದು ಕಂಡರೆ ಅವರು ಸೆಟ್ಟಿನಲ್ಲೂ ನಿಜವಾಗಿ ಹಾಡುತ್ತಿದ್ದಾರೆ ಎಂದರ್ಥ. ಪ್ಲೇಬ್ಯಾಕ್ ಇದ್ದರೂ ಅದರ ಜೊತೆ ಬಾಯಿಬಿಟ್ಟು ಹಾಡಿದವರ ಮೈ ಬೇರೆ ರೀತಿ ಕಾಣುತ್ತದೆ. ಸುಮ್ನೆ ತುಟಿ ಆಡಿಸಿದರೆ ಎದೆ ಅಲ್ಲಾಡುವುದಿಲ್ಲ.

ಎರಡನೆಯದು ದವಡೆ. ಸೊಪ್ರಾನೊ ಮೇಲೆ ಹೋದಂತೆ ಬಾಯಿ ದೊಡ್ಡದಾಗಿ ತೆರೆಯಲೇಬೇಕು. ಇಲ್ಲದಿದ್ದರೆ ಅಷ್ಟು ದನಿ ಬರುವುದಿಲ್ಲ. ಹಾಗೆ ತೆರೆದಾಗ ಸ್ವರಾಕ್ಷರಗಳೆಲ್ಲ ಹೆಚ್ಚುಕಡಿಮೆ "ಆ" ಆಗುತ್ತವೆ. ತಾರಸ್ಥಾಯಿಯಲ್ಲಿ ಪದ ಅರ್ಥವಾಗದಿರಲು ಕಾರಣ ಇದೇ. ಗಾಯಕಿಯ ಉಚ್ಚಾರದ ತಪ್ಪಲ್ಲ. ಕ್ಲೋಸಪ್ಪಿನಲ್ಲಿ ಬಾಯಿ ಅರ್ಧವೇ ತೆರೆದು, ದನಿ ಮಾತ್ರ ಆಕಾಶದಲ್ಲಿದ್ದರೆ, ಅಲ್ಲಿ ಮುಖ ಚೆಂದ ಕಾಣಲಿ ಎಂದು ಮೆಲ್ಲಗೆ ತುಟಿ ಆಡಿಸಿದ್ದಾರೆ.

ಮೂರನೆಯದು ತುಟಿ. ಪ, ಬ, ಮ ಈ ಮೂರು ಅಕ್ಷರಕ್ಕೆ ತುಟಿ ಮುಚ್ಚಲೇಬೇಕು. "ಉನ್ ಬೆಲ್ ದಿ ವೆದ್ರೆಮೊ" ಎಂಬ ಮೊದಲ ಸಾಲಲ್ಲೇ ಒಂದು ಬ, ಒಂದು ಮ ಇವೆ. ದನಿ ಮತ್ತೆ ಹಾಕಿ, ಆ ಎರಡು ಅಕ್ಷರದ ಹತ್ತಿರ ನಿಲ್ಲಿಸಿ ನಿಲ್ಲಿಸಿ ನೋಡಿ. ಒಂದು ಕೂದಲೆಳೆ ಹಿಂದುಮುಂದಾದರೂ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಕತ್ತು ನೋಡಿ. ಕಂಪನವಿರುವ ಉದ್ದ ಸ್ವರದಲ್ಲಿ ಕೆಲವರ ಗಲ್ಲವೋ ನಾಲಿಗೆಯೋ ಸಣ್ಣಗೆ ನಡುಗುತ್ತದೆ. ದನಿಯ ಕಂಪನವೂ ಈ ನಡುಕವೂ ಒಂದೇ ವೇಗದಲ್ಲಿದ್ದರೆ ಅವರು ಆ ಕ್ಷಣದಲ್ಲೂ ಬಾಯಿಬಿಟ್ಟು ಹಾಡುತ್ತಿರಬಹುದು.

ದಯವಿಟ್ಟು ಇದನ್ನು ಕಳ್ಳರನ್ನು ಹಿಡಿಯುವ ಆಟ ಮಾಡಿಕೊಳ್ಳಬೇಡಿ. ಪ್ಲೇಬ್ಯಾಕ್ ಮೋಸವಲ್ಲ. ಬಿಸಿ ದೀಪದ ಕೆಳಗೆ ಇಪ್ಪತ್ತು ಸಲ ಒಂದೇ ದೃಶ್ಯ ತೆಗೆಯುವಾಗ ಇಪ್ಪತ್ತು ಸಲ ಪೂರ್ತಿ ದನಿಯಲ್ಲಿ ಹಾಡಿದರೆ ಗಂಟಲು ಉಳಿಯುವುದಿಲ್ಲ. ಏನು ನಿಜಕ್ಕೂ ನಡೆಯಿತು ಎಂದು ತಿಳಿಯಲು ನಾವು ನೋಡುತ್ತಿದ್ದೇವೆ, ಅಷ್ಟೆ.

ಹಂತ 5: ಕಣ್ಣು ಮುಚ್ಚಿ ಕೇಳಿ

ಈಗ ಉಲ್ಟಾ. ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ.

ರಂಗದ ಗಾಯಕರು ಮೈಕ್ ಇಲ್ಲದೆ ಹಾಡುವವರು. ಹಳೆಯ ಮೆಟ್‌ನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜನ ಕೂರುತ್ತಿದ್ದರು. ಮುಂದೆ ದೊಡ್ಡ ವಾದ್ಯವೃಂದ. ಅದನ್ನು ದಾಟಿ ಕೊನೆಯ ಸಾಲಿಗೆ ದನಿ ಮುಟ್ಟಬೇಕು. ತರಬೇತಾದ ಕಂಠದಲ್ಲಿ, ಮುಖ್ಯವಾಗಿ ಗಂಡು ದನಿಗಳಲ್ಲಿ, ಸುಮಾರು 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಒಂದು ವಿಶೇಷ ಹೊಳಪು ಸೇರುತ್ತದೆ. ವಾದ್ಯವೃಂದದ ಶಕ್ತಿ ಅಲ್ಲಿ ಕಡಿಮೆ. ಹಾಗಾಗಿ ದನಿ ಆ ಸಂದಿಯಲ್ಲಿ ನುಸುಳಿ ಬರುತ್ತದೆ. ಕೇಳುವಾಗ ಇದು ಕಂಚಿನ ಪಾತ್ರೆ ಮಿಡಿದ ಹಾಗೆ ಅನಿಸುತ್ತದೆ. ಮಾರ್ಟಿನೆಲ್ಲಿಯಲ್ಲಿ, ಟಿಬ್ಬೆಟ್‌ನಲ್ಲಿ ಇದು ಸ್ಪಷ್ಟ.

ಆದರೆ ಒಂದು ಎಚ್ಚರಿಕೆ. ಹಳೆಯ ಸಿನಿಮಾದ ದನಿಪಟ್ಟಿಯಲ್ಲಿ ಮೇಲಿನ ಕಂಪನಾಂಕಗಳು ಕತ್ತರಿಸಿಹೋಗಿರುತ್ತವೆ. ಅದಕ್ಕೇ ಸೊಪ್ರಾನೊಗಳು ತೆಳ್ಳಗೆ, ಕೆಲವೊಮ್ಮೆ ಕೀರಲಾಗಿ ಕೇಳುತ್ತಾರೆ. ದೋಷವನ್ನು ಗಾಯಕಿಯ ತಲೆಗೆ ಕಟ್ಟಬೇಡಿ.

ಇನ್ನೊಂದು ಮಾತು. ದನಿ ಎಷ್ಟು ದೊಡ್ಡದು ಎಂದು ಸಿನಿಮಾ ನೋಡಿ ಹೇಳಲಾಗುವುದಿಲ್ಲ. ಮೈಕ್ ಮುಂದೆ ಸಣ್ಣ ದನಿಯೂ ದೊಡ್ಡದೇ. ಮಾರಿಯೊ ಲಾಂಝಾ ಬಗ್ಗೆ ಇಂದಿಗೂ ನಡೆಯುವ ಜಗಳ ಇದೇ. ಅವರು 1921ರ ಜನವರಿಯಲ್ಲಿ ಹುಟ್ಟಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕರೂಸೊ ತೀರಿಕೊಂಡರು. ಮೂವತ್ತು ವರ್ಷಗಳ ನಂತರ 'ದಿ ಗ್ರೇಟ್ ಕರೂಸೊ' ಚಿತ್ರದಲ್ಲಿ ಲಾಂಝಾ ಅದೇ ಕರೂಸೊ ಆದರು. ಆದರೆ ನಿಜವಾದ ಒಪೆರಾ ರಂಗದ ಮೇಲೆ ಲಾಂಝಾ ಹಾಡಿದ್ದು ಬೆರಳೆಣಿಕೆಯಷ್ಟು ಸಲ. 1948ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 'ಬಟರ್‌ಫ್ಲೈ'ಯ ಗಂಡನ ಪಾತ್ರ ಮಾಡಿದ್ದರು. 38ನೇ ವಯಸ್ಸಿಗೆ ರೋಮ್‌ನಲ್ಲಿ ತೀರಿಹೋದರು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಲಾಂಝಾ ಎಷ್ಟೋ ಸಲ ಅತಿಯಾಗಿ ತಳ್ಳುತ್ತಾರೆ. ಆದರೆ ಆ ದನಿಯ ಬಿಸಿ ಸುಳ್ಳಲ್ಲ. ಆ ಚಿತ್ರ ನೋಡಿಯೇ ಹೋಸೆ ಕರೆರಾಸ್ ಎಂಬ ಬಾರ್ಸಿಲೋನಾದ ಪುಟ್ಟ ಹುಡುಗ ಗಾಯಕನಾಗಬೇಕೆಂದು ಹಟ ಹಿಡಿದ. ಮುಂದೆ ಜಗತ್ತಿನ ದೊಡ್ಡ ಟೆನರ್‌ಗಳಲ್ಲಿ ಒಬ್ಬನಾದ.

ಹಂತ 6: ಏನು ಕತ್ತರಿಸಿದ್ದಾರೆ ಪತ್ತೆ ಮಾಡಿ

ಅದೇ ಆರಿಯಾದ ಪೂರ್ತಿ ಮುದ್ರಣವೊಂದನ್ನು ಹುಡುಕಿ. ಸ್ಟಾಪ್‌ವಾಚ್ ಹಿಡಿದು ಎರಡರ ಅವಧಿ ಬರೆಯಿರಿ. ಗಂಟೆ ಹಾಡು ಪೂರ್ತಿ ಹಾಡಿದರೆ ಸುಮಾರು 8 ನಿಮಿಷ. ಸಿನಿಮಾಕ್ಕೆ ಅದು ತೀರಾ ಉದ್ದ. ಸಾಮಾನ್ಯವಾಗಿ ಹೋಗುವುದು ಶುರುವಿನ ವಾದ್ಯ, ಮಾತಿನಂತೆ ಹಾಡುವ ಪೀಠಿಕೆ, ಎರಡನೇ ಚರಣ. ಎಂದೂ ಹೋಗದ್ದು ಕೊನೆಯ ದೊಡ್ಡ ಸ್ವರ. ಹೊಲಿಗೆ ಎಲ್ಲಿದೆ ಎಂದು ಸಾಹಿತ್ಯದ ಹಾಳೆಯ ಮೇಲೆ ಗೆರೆ ಎಳೆಯಿರಿ. ಕೆಲವೊಮ್ಮೆ ಭಾಷೆಯೂ ಬದಲಾಗಿರುತ್ತದೆ. ಡರ್ಬಿನ್ 1943ರ ಚಿತ್ರವೊಂದರಲ್ಲಿ "ನೆಸ್ಸುನ್ ದೊರ್ಮಾ"ವನ್ನು ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಅದೂ ಗಂಡು ಪಾತ್ರದ ಹಾಡು!

ಹಂತ 7: ಕಥೆಯಲ್ಲಿ ಈ ಹಾಡು ಇಲ್ಲೇ ಏಕೆ?

1944ರ 'ಗೋಯಿಂಗ್ ಮೈ ವೇ'ಯಲ್ಲಿ ರಿಸಾ ಸ್ಟೀವನ್ಸ್ 'ಕಾರ್ಮೆನ್' ಒಪೆರಾದ ನಾಯಕಿ ಕಾರ್ಮೆನ್‌ಳ "ಹಬನೇರಾ" ಹಾಡುತ್ತಾರೆ. ಪ್ರೀತಿ ಹಿಡಿತಕ್ಕೆ ಸಿಗದ ಹಕ್ಕಿ ಎನ್ನುವ ಹಾಡು. ಒಂದೊಂದೇ ಅರ್ಧಸ್ವರ ಜಾರುತ್ತಾ ಕೆಳಗಿಳಿಯುತ್ತದೆ. ಸಿನಿಮಾದಲ್ಲಿ ಸ್ಟೀವನ್ಸ್ ಮಾಡಿದ ಪಾತ್ರದ ಹಳೆಯ ಗೆಳೆಯ ಈಗ ಪಾದ್ರಿ. ಅವನು ರಂಗದ ಪಕ್ಕದಲ್ಲಿ ನಿಂತಿದ್ದಾನೆ. ಒಂದು ಮಾತೂ ಇಲ್ಲದೆ ಎಲ್ಲ ತಿಳಿಯುತ್ತದೆ.

ಸಿನಿಮಾಕ್ಕೆಂದೇ ಹುಟ್ಟಿದ ಒಪೆರಾಗಳೂ ಇವೆ. 1937ರ 'ಮೇಟೈಮ್'ನಲ್ಲಿ ಚೈಕೋವ್‌ಸ್ಕಿ ವಾದ್ಯವೃಂದಕ್ಕೆ ಬರೆದ ಐದನೇ ಸಿಂಫನಿಯನ್ನು ಹೊಲಿದು ಒಂದು ಸುಳ್ಳು ಒಪೆರಾ ಕಟ್ಟಿದರು. ಆದರೆ ಎಲ್ಲಕ್ಕಿಂತ ಜಾಣತನದ್ದು 1941ರ 'ಸಿಟಿಜನ್ ಕೇನ್'. ಅಲ್ಲಿ ಸೂಸನ್ ಎಂಬ ಹುಡುಗಿಗೆ ಸಾಧಾರಣ ದನಿ. ದುಡ್ಡಿರುವ ಗಂಡ ಬಲವಂತವಾಗಿ ಅವಳನ್ನು ಒಪೆರಾ ಗಾಯಕಿ ಮಾಡಲು ಹೊರಡುತ್ತಾನೆ. ಸಂಗೀತ ಬರೆದ ಬರ್ನಾರ್ಡ್ ಹರ್ಮನ್ ಬೇಕೆಂದೇ ಭಾರೀ ವಾದ್ಯವೃಂದ ಇಟ್ಟು, ಹಾಡನ್ನು ತೀರಾ ಮೇಲೆ ಬರೆದರು. ದನಿ ಕೊಟ್ಟ ಜೀನ್ ಫಾರ್ವರ್ಡ್ ಹಾಡಲು ಬಾರದವರಲ್ಲ. ಹಗುರ ದನಿಯ ಒಳ್ಳೆಯ ಗಾಯಕಿ. ಆ ಹಾಡಿಗೆ ಆ ದನಿ ಸಾಲದು, ಅಷ್ಟೆ. ಮುಳುಗುತ್ತಿರುವವಳು ಕೈ ಎತ್ತಿದ ಹಾಗೆ ಕೇಳುತ್ತದೆ. 1970ರ ದಶಕದಲ್ಲಿ ಒಪೆರಾ ರಂಗದ ಸೊಪ್ರಾನೊ ಕಿರಿ ತೆ ಕನಾವಾ ಅದೇ ಹಾಡನ್ನು ಮುದ್ರಿಸಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ದೊಡ್ಡ ದನಿ ಮತ್ತು ಸಣ್ಣ ದನಿಯ ವ್ಯತ್ಯಾಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹಂತ 8: ಅದೇ ಗಾಯಕರನ್ನು ಸಿನಿಮಾದ ಹೊರಗೆ ಕೇಳಿ

ಮೆಟ್‌ನ ಪ್ರದರ್ಶನಗಳು 1931ರ ಕ್ರಿಸ್‌ಮಸ್ ದಿನದಿಂದ ರೇಡಿಯೋದಲ್ಲಿ ನೇರವಾಗಿ ಪ್ರಸಾರವಾದವು. ಅವುಗಳಲ್ಲಿ ಎಷ್ಟೋ ಮುದ್ರಣಗಳು ಉಳಿದಿವೆ. ರಿಸಾ ಸ್ಟೀವನ್ಸ್ 1951ರಲ್ಲಿ ಫ್ರಿಟ್ಸ್ ರೈನರ್ ಅವರ ವಾದ್ಯವೃಂದ ನಿರ್ದೇಶನದಲ್ಲಿ ಪೂರ್ತಿ 'ಕಾರ್ಮೆನ್' ಮುದ್ರಿಸಿದ್ದಾರೆ. 1944ರ ಸಿನಿಮಾದ ಹಬನೇರಾವನ್ನು ಅದರ ಪಕ್ಕ ಇಟ್ಟು ಕೇಳಿ. ಯಾವುದರಲ್ಲಿ ಕಾರ್ಮೆನ್ ಜಾಸ್ತಿ ಅಪಾಯದವಳು ಅನಿಸುತ್ತಾಳೆ, ಏಕೆ, ಎರಡು ಸಾಲು ಬರೆಯಿರಿ.

ಯಾವ ಕ್ರಮದಲ್ಲಿ ನೋಡುವುದು

ಮೊದಲು ಮಾರ್ಟಿನೆಲ್ಲಿಯ 1926ರ ಕಿರುಚಿತ್ರ. ಎರಡು ಮೂರು ನಿಮಿಷದ್ದು, ದನಿಯೂ ಮೈಯೂ ಒಂದೇ. ಆಮೇಲೆ ಗ್ರೇಸ್ ಮೂರ್, ಆಮೇಲೆ ಲಿಲಿ ಪಾನ್ಸ್. ನಂತರ 1947ರ 'ಕಾರ್ನೆಗಿ ಹಾಲ್'. ಅದರ ಕಥೆ ಸಪ್ಪೆ, ಹಾರಿಸಿದರೂ ನಷ್ಟವಿಲ್ಲ. ಆದರೆ ಆ ಸಭಾಂಗಣದಲ್ಲೇ ತೆಗೆದ ಚಿತ್ರ ಅದು. ಒಂದೇ ಚಿತ್ರದಲ್ಲಿ ಪಾನ್ಸ್, ಸ್ಟೀವನ್ಸ್, ಎಝಿಯೊ ಪಿಂಝಾ, ಯಾನ್ ಪಿಯರ್ಸ್ ಈ ನಾಲ್ವರು ಒಪೆರಾ ಗಾಯಕರೂ ಸಿಗುತ್ತಾರೆ. ಪಾನ್ಸ್ ಇಲ್ಲೂ ಗಂಟೆ ಹಾಡನ್ನೇ ಹಾಡುತ್ತಾರೆ. 1935ಕ್ಕೂ ಇದಕ್ಕೂ 12 ವರ್ಷದ ಅಂತರ. ಹೋಲಿಸಿ ನೋಡಿ.

ಕೊನೆಗೆ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರನ್ನು ನೋಡಿ. 'ದಿ ಬಿಗ್ ಬ್ರಾಡ್‌ಕಾಸ್ಟ್ ಆಫ್ 1938' ಎಂಬ ಹಗುರವಾದ ಹಾಸ್ಯಚಿತ್ರ. ನಡುವೆ ಹಾಸ್ಯನಟ ಬಾಬ್ ಹೋಪ್ ಬಂದು ಪರಿಚಯಿಸುತ್ತಾರೆ. ಶಿರಸ್ತ್ರಾಣ ತೊಟ್ಟು, ಈಟಿ ಹಿಡಿದು ನಾರ್ವೆಯ ಈ ಸೊಪ್ರಾನೊ ನಿಂತಿದ್ದಾರೆ. ವಾಗ್ನರ್‌ನ 'ವಾಲ್ಕೂರೆ' ಒಪೆರಾದಲ್ಲಿ ಯುದ್ಧಕನ್ಯೆ ಬ್ರುನ್‌ಹಿಲ್ಡ ಕೂಗುವ ಯುದ್ಧದ ಕೂಗು. "ಹೊ-ಯೊ-ತೊ-ಹೊ!" ದನಿ ಒಂದೇ ಜಿಗಿತಕ್ಕೆ ಒಂದು ಸ್ಥಾಯಿ ಮೇಲೆ ಹಾರುತ್ತದೆ. ಕೆಲವೇ ನಿಮಿಷ. ಮೊದಲ ಸಲ ದನಿ ಬಂದ್ ಮಾಡಿ, ಅವರ ಪಕ್ಕೆಲುಬನ್ನೇ ನೋಡಿ. ಎರಡನೇ ಸಲ ಕಣ್ಣು ಮುಚ್ಚಿ. ಮೂರನೇ ಸಲ ಮನೆಯಲ್ಲಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ಮೊದಲು ಏನು ಕೇಳುತ್ತಾರೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.